ಸೈಡ್‌ವಾಕ್ ಸಿಟಿದು, ಸ್ನೋ ಮಾತ್ರ ನಿಮ್ದು: ಅಮೆರಿಕದಲ್ಲಿ ಮನೆ ಮುಂದಿನ ಸ್ನೋ, ಐಸ್ ತೆಗೆಯೋದಕ್ಕೆ ಪೂರ್ತಿ ಗೈಡ್

ಬೆಂಗಳೂರಲ್ಲಿ ಫುಟ್‌ಪಾತ್ ಹಾಳಾದ್ರೆ ಕಾರ್ಪೊರೇಷನ್‌ಗೆ ಬೈದು ಸುಮ್ಮನಾಗೋ ಅಭ್ಯಾಸ ನಮ್ದು. ಶಿಕಾಗೋ, ಬಾಸ್ಟನ್, ಮಿನಿಯಾಪೊಲಿಸ್ ಕಡೆ ಮನೆ ತಗೊಂಡವ್ರಿಗೆ ಮೊದಲ ಜನವರಿಯಲ್ಲೇ ಗೊತ್ತಾಗೋದು ಏನಂದ್ರೆ ಮನೆ ಮುಂದಿನ ಸೈಡ್‌ವಾಕ್ ನಿಮ್ಮ ಆಸ್ತಿ ಅಲ್ಲ, ಅದರ ಮೇಲೆ ಗಿಡ ನೆಡೋಕೂ ಪರ್ಮಿಷನ್ ಬೇಕು, ಆದ್ರೆ ಅಲ್ಲಿ ಬಿದ್ದ ಸ್ನೋ ತೆಗೆಯೋ ಜವಾಬ್ದಾರಿ ಮಾತ್ರ ನಿಮ್ದೇ. ಇದು ನ್ಯಾಯನಾ ಅಂತ ವಾದ ಮಾಡೋಕೆ ಬೇಕಾದಷ್ಟಿದೆ, ನನ್ನ ಕೇಳಿದ್ರೆ ರಸ್ತೆಗೆ ಪ್ಲೋ (ಸ್ನೋ ತಳ್ಳೋ ಗಾಡಿ) ಕಳಿಸೋ ಸಿಟಿ ನಡೆದು ಹೋಗೋವ್ರಿಗೂ ಕಳಿಸ್ಬೇಕು. ಕೆಲವು ಊರು ಕಳಿಸ್ತಾವೆ ಕೂಡ. ಕೆನಡಾದ ಮಾಂಟ್ರಿಯಲ್, ಒಟ್ಟಾವಾದಲ್ಲಿ ಸಿಟಿಯವ್ರೇ ಸಣ್ಣ ಪ್ಲೋ ಓಡಿಸ್ತಾರೆ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜಾಸ್ತಿ ಬಿದ್ರೆ ಸಿಟಿ ಕೈ ಜೋಡಿಸುತ್ತೆ. ಉಳಿದ ಕಡೆ ಶವೆಲ್, ಅಂದ್ರೆ ಸ್ನೋ ಸಲಿಕೆ, ನಿಮ್ಮ ಕೈಗೇ.

ಹೆಜ್ಜೆ 1: ನಿಮ್ಮ ಊರಿನ ರೂಲ್ ಹುಡುಕಿ

ವಾಟ್ಸಾಪ್ ಗ್ರೂಪಲ್ಲಿ ಕೇಳ್ಬೇಡಿ. ಅಲ್ಲಿ ಒಬ್ರು ನ್ಯೂಜೆರ್ಸಿ ರೂಲ್ ಹೇಳ್ತಾರೆ, ಇನ್ನೊಬ್ರು ಮಿಶಿಗನ್‌ದು, ನೀವಿರೋದು ಇಲಿನಾಯ್. ಈ ರೂಲ್ ದೇಶದ್ದೂ ಅಲ್ಲ, ರಾಜ್ಯದ್ದೂ ಅಲ್ಲ, ಊರಿಂದು, ಪಕ್ಕದ ಊರಿಗೆ ಹೋದ್ರೆ ಬೇರೆ. ನಿಮ್ಮ ಸಿಟಿ ಅಥವಾ ವಿಲೇಜ್‌ನ ಹೆಸರಿನ ಜೊತೆ ಸೈಡ್‌ವಾಕ್ ಸ್ನೋ ಆರ್ಡಿನೆನ್ಸ್ (ಊರಿನ ಕಾನೂನು) ಅಂತ ಸರ್ಚ್ ಮಾಡಿದ್ರೆ ಸಿಕ್ಕೇ ಸಿಗುತ್ತೆ. ಓದುವಾಗ ನಾಲ್ಕು ವಿಷಯ ನೋಡಿ: ಎಷ್ಟು ಹೊತ್ತಿನೊಳಗೆ, ಎಷ್ಟು ಅಗಲ, ಯಾರು ಮಾಡ್ಬೇಕು, ತೆಗೆದ ಸ್ನೋ ಎಲ್ಲಿ ಹಾಕ್ಬಾರ್ದು.

ಶಿಕಾಗೋದಲ್ಲಿ ಹಗಲು ಬಿದ್ದಿದ್ದನ್ನ ಆದಷ್ಟು ಬೇಗ, ಅವತ್ತು ರಾತ್ರಿ 10ರ ಒಳಗೇ ತೆಗೀಬೇಕು, ರಾತ್ರಿ ಬಿದ್ರೆ ಮರುದಿನ ಬೆಳಿಗ್ಗೆ 10ರ ಒಳಗೆ. ಅಗಲ 5 ಅಡಿ, ಕಾರ್ನರ್ ಮನೆ ಆದ್ರೆ ಎರಡೂ ಬದಿ, ಜೊತೆಗೆ ರಸ್ತೆ ದಾಟೋ ಜಾಗದ ರ‍್ಯಾಂಪ್ ಕೂಡ (ಕಾರ್ನರ್ ಸೈಟ್ ಅಂತ ಖುಷಿಯಿಂದ ತಗೊಂಡವ್ರು ಇದನ್ನ ಯಾರೂ ಹೇಳಿರ್ಲಿಲ್ಲ ಅಂತಾರೆ). ಬಾಸ್ಟನ್‌ನಲ್ಲಿ ಸ್ನೋ ನಿಂತ 3 ಗಂಟೆ ಒಳಗೆ, ರಾತ್ರಿ ಬಿದ್ರೆ ಸೂರ್ಯ ಹುಟ್ಟಿ 3 ಗಂಟೆ ಒಳಗೆ, ಅಗಲ ಕನಿಷ್ಠ 42 ಇಂಚು. ನ್ಯೂಯಾರ್ಕ್ ಸಿಟಿಯಲ್ಲಿ ಹಗಲು 7ರಿಂದ 5ರ ಒಳಗೆ ನಿಂತ್ರೆ 4 ಗಂಟೆ ಟೈಮ್, ಸಂಜೆ 5ರಿಂದ 9ರ ಒಳಗೆ ನಿಂತ್ರೆ 14 ಗಂಟೆ, ಅದಾದ ಮೇಲೆ ನಿಂತ್ರೆ ಬೆಳಿಗ್ಗೆ 11ರ ತನಕ. ಮಿನಿಯಾಪೊಲಿಸ್‌ನಲ್ಲಿ ಒಂಟಿ ಮನೆ, ಡ್ಯೂಪ್ಲೆಕ್ಸ್‌ಗಳಿಗೆ 24 ಗಂಟೆ ಕೊಡ್ತಾರೆ. ಆಶ್ಚರ್ಯ ಏನಂದ್ರೆ ಇವುಗಳಲ್ಲಿ ಜಾಸ್ತಿ ಚಳಿ ಇರೋ ಊರೇ ಜಾಸ್ತಿ ಟೈಮ್ ಕೊಡೋದು.

42 ಇಂಚು, 5 ಅಡಿ ಅನ್ನೋದು ಸುಮ್ನೆ ಬರೆದಿರೋದಲ್ಲ. ಶವೆಲ್ ಅಗಲದ ಒಂದು ಗೆರೆ ಎಳೆದು ಬಿಟ್ರೆ ನೀವು ನಡೀತೀರಾ, ಆದ್ರೆ ವೀಲ್‌ಚೇರ್, ವಾಕರ್, ಮಗು ಸ್ಟ್ರೋಲರ್ ಹೋಗಲ್ಲ, ಅವ್ರು ರಸ್ತೆಗೆ ಇಳೀತಾರೆ, ರಸ್ತೇಲಿ ಕಾರು ಜಾರ್ತಾ ಇರುತ್ತೆ.

ಬಾಡಿಗೆಗೆ ಇದ್ರೆ? ಶಿಕಾಗೋ, ನ್ಯೂಯಾರ್ಕ್ ರೂಲ್‌ನಲ್ಲಿ ಓನರ್ ಜೊತೆ ಬಾಡಿಗೆದಾರ, ವಾಸ ಇರೋನು ಅಂತಾನೂ ಬರ್ದಿದೆ. ಹಾಗಾಗಿ ಲೀಸ್ ತೆಗೆದು ಸ್ನೋ ಯಾರ ಕೆಲಸ ಅಂತ ಓದಿ, ಬರೀದೇ ಇದ್ರೆ ಒಂದು ಈಮೇಲ್ ಹಾಕಿ ಕೇಳಿ, ಉತ್ತರ ಇಟ್ಕೊಳ್ಳಿ. ಫೋನಲ್ಲಿ ಹೇಳಿದ್ದು ಫೆಬ್ರವರೀಲಿ ಯಾರಿಗೂ ನೆನಪಿರಲ್ಲ. ಟೌನ್‌ಹೋಮ್, ಕಾಂಡೋ ಆದ್ರೆ ಅಸೋಸಿಯೇಷನ್ ಫೀಸಲ್ಲಿ ಇದು ಸೇರಿರ್ಬಹುದು, ಆದ್ರೆ ಎಷ್ಟೋ ಕಡೆ ರಸ್ತೆ, ಡ್ರೈವ್‌ವೇ ಮಾತ್ರ ಸೇರಿರುತ್ತೆ, ಬಾಗಿಲಿಂದ ಸೈಡ್‌ವಾಕ್ ತನಕದ ದಾರಿ ನಿಮ್ಗೇ ಬಿಟ್ಟಿರ್ತಾರೆ.

ಹೆಜ್ಜೆ 2: ಫೈನ್ ಬೇರೆ, ಕೇಸ್ ಬೇರೆ

ಜನ ಅತಿ ಹೆಚ್ಚು ಕನ್‌ಫ್ಯೂಸ್ ಆಗೋದು ಇಲ್ಲಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಸ್ನೋ ತೆಗೀದಿದ್ರೆ ಸಿಟಿ ಹಾಕೋದು ಫೈನ್, ಶಿಕಾಗೋದಲ್ಲಿ 50ರಿಂದ 500 ಡಾಲರ್ ತನಕ ಇದೆ. ಯಾರಾದ್ರೂ ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ಆಸ್ಪತ್ರೆ ಖರ್ಚು ಯಾರ ತಲೆಗೆ ಅನ್ನೋದು ಇನ್ನೊಂದು ಪ್ರಶ್ನೆ. ಮೊದಲನೇದು ಊರಿನ ರೂಲ್, ಎರಡನೇದು ಹೆಚ್ಚಾಗಿ ರಾಜ್ಯದ ಕಾನೂನು. ಒಂದಕ್ಕೆ ಹೌದು ಅಂದ್ರೆ ಇನ್ನೊಂದಕ್ಕೂ ಹೌದು ಅಂತಲ್ಲ.

ನಮ್ಮವ್ರ ಬಾಯಲ್ಲಿ ಓಡಾಡೋ ಒಂದು ಮಾತಿದೆ: ಮುಟ್ಟಿದ್ರೆ ಕೇಸ್, ಮುಟ್ಟದೇ ಇದ್ರೆ ಸೇಫ್. ಪೂರ್ತಿ ಸುಳ್ಳಲ್ಲ ಅದು, ಹಳೇ ಕಾನೂನಿನ ಪಳೆಯುಳಿಕೆ. ತುಂಬಾ ರಾಜ್ಯಗಳಲ್ಲಿ ಮೊದಲು ಏನಿತ್ತು ಅಂದ್ರೆ ಆಕಾಶದಿಂದ ತಾನಾಗೇ ಬಿದ್ದ ಸ್ನೋ ಮೇಲೆ ಜಾರಿದ್ರೆ ಮನೆಯವ್ರು ಹೊಣೆ ಅಲ್ಲ, ಆದ್ರೆ ಅವ್ರು ಗುಡ್ಡೆ ಹಾಕಿ ಅದು ಕರಗಿ ಹರಿದು ಮತ್ತೆ ಗಟ್ಟಿಯಾಗಿ ಅದರ ಮೇಲೆ ಜಾರಿದ್ರೆ ಹೊಣೆ. ಇದನ್ನ ಕೇಳಿದವ್ನು ಹಾಗಾದ್ರೆ ನಾನ್ಯಾಕೆ ಮುಟ್ಲಿ ಅಂತ ಕೂತ್ಕೊಂಡ.

ಈಗ ಪರಿಸ್ಥಿತಿ ಬೇರೆ. ಮ್ಯಾಸಚೂಸೆಟ್ಸ್‌ನಲ್ಲಿ 2010ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟ್, ಟಾರ್ಗೆಟ್ ಅಂಗಡಿ ಪಾರ್ಕಿಂಗ್‌ನಲ್ಲಿ ಒಬ್ರು ಬಿದ್ದ ಕೇಸಲ್ಲಿ, ತಾನಾಗಿ ಬಿದ್ದ ಸ್ನೋ ಮತ್ತು ಮನುಷ್ಯ ಮಾಡಿದ ಗುಡ್ಡೆ ಅನ್ನೋ ವ್ಯತ್ಯಾಸನೇ ತೆಗೆದುಹಾಕಿ, ಜಾಗದ ಓನರ್ ಎಲ್ಲದಕ್ಕೂ ತಕ್ಕಷ್ಟು ಎಚ್ಚರ ತಗೋಬೇಕು ಅಂತ ಹೇಳ್ತು. ಅಲ್ಲಿ ಮುಟ್ಟದೇ ಕೂರೋದು ಸೇಫ್ ಅಲ್ವೇ ಅಲ್ಲ. ಇಲಿನಾಯ್‌ನಲ್ಲಿ ಹಳೇ ನಿಯಮ ಇನ್ನೂ ಇದೆ, ಆದ್ರೆ 1979ರಿಂದ ಅಲ್ಲೊಂದು ಕಾನೂನಿದೆ, ವಾಸದ ಮನೆಯವ್ರು ಪಕ್ಕದ ಸೈಡ್‌ವಾಕ್‌ನ ಸ್ನೋ ತೆಗೆದ್ರೆ ಅಥವಾ ತೆಗೆಯೋಕೆ ಪ್ರಯತ್ನ ಪಟ್ರೆ, ಬೇಕಂತ ಮಾಡಿದ ತಪ್ಪು ಅಲ್ದೇ ಇದ್ರೆ ಅವ್ರ ಮೇಲೆ ಹೊಣೆ ಬರಲ್ಲ. ಅಂದ್ರೆ ಶಿಕಾಗೋದವ್ರಿಗೆ ಮುಟ್ಟಿದ್ರೆ ಕೇಸ್ ಅನ್ನೋ ಭಯಕ್ಕೆ ಬುಡನೇ ಇಲ್ಲ, ತೆಗೆಯೋನಿಗೇ ಅಲ್ಲಿ ರಕ್ಷಣೆ. ಇದರಲ್ಲೂ ಒಂದು ತೂತು ಇದೆ: 2016ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಹೇಳಿದ್ದು, ಈ ರಕ್ಷಣೆ ಸ್ನೋ ತೆಗೆಯೋ ಕೆಲಸಕ್ಕೆ ಮಾತ್ರ, ಕಟ್ಟಡದ ರಿಪೇರಿ ಸರಿಯಾಗಿ ಮಾಡದೆ ನೀರು ಹರಿದು ಐಸ್ ಆದ್ರೆ ಅದಕ್ಕೆ ಅನ್ವಯ ಆಗಲ್ಲ ಅಂತ. ನಿಮ್ಮ ಡೌನ್‌ಸ್ಪೌಟ್ ಪೈಪ್ (ಚಾವಣಿ ನೀರು ಕೆಳಗಿಳಿಸೋದು) ಎಲ್ಲಿಗೆ ನೀರು ಬಿಡ್ತಾ ಇದೆ ಅಂತ ಇವತ್ತೇ ಹೋಗಿ ನೋಡಿ.

ನ್ಯೂಯಾರ್ಕ್ ಸಿಟಿಯಲ್ಲಿ 2003ರಿಂದ ಸೈಡ್‌ವಾಕ್‌ನಲ್ಲಿ ಬಿದ್ದವ್ರ ಹೊಣೆ ಪಕ್ಕದ ಆಸ್ತಿಯವ್ರಿಗೆ ಹೋಯ್ತು, ಓನರ್ ಅಲ್ಲೇ ವಾಸ ಇರೋ ಒಂದರಿಂದ ಮೂರು ಕುಟುಂಬದ ಮನೆಗಳನ್ನ ಬಿಟ್ಟು. ಅಂಥ ಮನೆಯವ್ರೂ ಸ್ನೋ ತೆಗೀಲೇಬೇಕು, ಇಲ್ಲಾಂದ್ರೆ ಫೈನ್. ನೋಡಿ, ಎರಡು ಪ್ರಶ್ನೆ, ಎರಡು ಉತ್ತರ. ನ್ಯೂಜೆರ್ಸಿಯಲ್ಲಿ ಅಂಗಡಿ, ಆಫೀಸ್ ಆಸ್ತಿಯವ್ರಿಗೆ 1981ರಿಂದ ಹೊಣೆ ಇದೆ, ಮನೆಗಳಿಗೆ ಸಾರ್ವಜನಿಕ ಸೈಡ್‌ವಾಕ್ ವಿಷಯದಲ್ಲಿ ಸಾಮಾನ್ಯವಾಗಿ ಇಲ್ಲ. ಆದ್ರೆ ನಮ್ಮವ್ರು ತುಂಬಾ ಇರೋ ಪ್ಲೇನ್ಸ್‌ಬರೋದ ಒಂದು ಕಮ್ಯುನಿಟಿಯ ಕೇಸಲ್ಲಿ 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಕಮ್ಯುನಿಟಿ ಒಳಗಿನ ಖಾಸಗಿ ಸೈಡ್‌ವಾಕ್ ಅಸೋಸಿಯೇಷನ್ ಜವಾಬ್ದಾರಿ ಅಂದಿದೆ. ಅಸೋಸಿಯೇಷನ್ ಮೀಟಿಂಗ್‌ಗೆ ಹೋಗೋವ್ರು ಇದನ್ನ ನೆನಪಿಟ್ಕೊಳ್ಳಿ.

ಇದೆಲ್ಲ ಸೈಡ್‌ವಾಕ್ ಬಗ್ಗೆ. ನಿಮ್ಮ ಮೆಟ್ಟಿಲು, ಡ್ರೈವ್‌ವೇ, ಬಾಗಿಲ ಮುಂದಿನ ದಾರಿ ನಿಮ್ಮದೇ ಆಸ್ತಿ, ಅಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಸಂಕ್ರಾಂತಿ ಬರೋದು ಸರಿಯಾಗಿ ಜನವರಿ ಮಧ್ಯಕ್ಕೆ, ಎಳ್ಳು ಬೆಲ್ಲಕ್ಕೆ ಅಂತ ಸೀರೆ ಉಟ್ಟು ತೆಳು ಚಪ್ಪಲಿ ಹಾಕ್ಕೊಂಡು ಹತ್ತು ಮನೆಯವ್ರು ನಿಮ್ಮ ಮೆಟ್ಟಿಲು ಹತ್ತೋದೂ ಅವತ್ತೇ. ಹೋಮ್ ಇನ್ಶೂರೆನ್ಸ್‌ನಲ್ಲಿ ಲಯಬಿಲಿಟಿ ಕವರ್ ಎಷ್ಟಿದೆ ಅಂತ ಒಮ್ಮೆ ಏಜೆಂಟ್‌ನ ಕೇಳಿಡಿ.

ಹೆಜ್ಜೆ 3: ಅಕ್ಟೋಬರ್‌ನಲ್ಲೇ ಸಾಮಾನು ತಂದಿಡಿ

ಫೋರ್‌ಕಾಸ್ಟ್ ಬಂದ ದಿನ ಅಂಗಡಿಗೆ ಹೋದ್ರೆ ಖಾಲಿ ಶೆಲ್ಫ್ ಫೋಟೋ ತೆಗೀಬಹುದು ಅಷ್ಟೆ. ಎರಡು ಶವೆಲ್ ಬೇಕು, ತಳ್ಳೋಕೆ ಅಗಲದ್ದು ಒಂದು, ಎತ್ತಿ ಹಾಕೋಕೆ ಚಿಕ್ಕದು ಒಂದು, ಜೊತೆಗೆ ಐಸ್ ಕೆರೆಯೋಕೆ ಉದ್ದ ಹಿಡಿಯ ಕಬ್ಬಿಣದ ಸ್ಕ್ರೇಪರ್. ಜಾರದ ಹಾಗೆ ಬೂಟ್‌ಗೆ ಸಿಕ್ಕಿಸೋ ಮುಳ್ಳಿನ ಕ್ಲೀಟ್ಸ್ ತಗೊಳ್ಳಿ, ಅಗ್ಗ, ಸೊಂಟ ಉಳಿಸುತ್ತೆ. ಉಪ್ಪು ಆಮೇಲೆ ಹೇಳ್ತೀನಿ.

ಸ್ನೋಬ್ಲೋವರ್ (ಸ್ನೋ ಎಳೆದು ಪಕ್ಕಕ್ಕೆ ಎಸೆಯೋ ಮೆಷಿನ್) ತಗೋಬೇಕಾ? 25 ಅಡಿ ಅಗಲದ ಸಿಟಿ ಲಾಟ್‌ಗೆ ಬೇಡ, ನಿಲ್ಲಿಸೋಕೆ ಜಾಗನೂ ಇರಲ್ಲ. ಉದ್ದ ಡ್ರೈವ್‌ವೇ, ಕಾರ್ನರ್ ಲಾಟ್ ಇದ್ರೆ ಬೇಕು. ಸ್ನೋ ಹೊರಗೆ ಹಾರೋ ಚ್ಯೂಟ್ ಕಟ್ಟಿಕೊಂಡಾಗ ಇಂಜಿನ್ ಆಫ್ ಮಾಡಿದ್ರೂ ಕೈ ಹಾಕ್ಬೇಡಿ, ಕೋಲು ಹಾಕಿ. ಒಳಗೆ ಬಿಗಿಯಾಗಿ ಸಿಕ್ಕೊಂಡಿರೋ ಬ್ಲೇಡ್ ಬಿಡಿಸಿದ ತಕ್ಷಣ ತಿರುಗಿಬಿಡುತ್ತೆ, ಬೆರಳು ಹೋಗೋದು ಹಾಗೇ.

ಹೆಜ್ಜೆ 4: ತೆಗೆಯೋದು

ಮೊದಲು ಒಂದು ಲೆಕ್ಕ. 25 ಅಡಿ ಉದ್ದ, 5 ಅಡಿ ಅಗಲದ ಸೈಡ್‌ವಾಕ್ ಮೇಲೆ 6 ಇಂಚು ಸಾಧಾರಣ ಸ್ನೋ ಅಂದ್ರೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಕ್ವಿಂಟಾಲ್ ತೂಕ. ಒದ್ದೆ ಸ್ನೋ ಆದ್ರೆ ಅದರ ಎರಡರಷ್ಟು. ನೋಡೋಕೆ ಹತ್ತಿ ಥರ ಇರುತ್ತೆ, ಎತ್ತೋಕೆ ಹೋದ್ರೆ ಗೊತ್ತಾಗೋದು.

ಅದಕ್ಕೇ ಪೂರ್ತಿ ನಿಲ್ಲೋ ತನಕ ಕಾಯ್ಬೇಡಿ. 8 ಇಂಚು ಬರುತ್ತೆ ಅಂದ್ರೆ 3 ಇಂಚು ಆದಾಗ ಒಂದ್ಸಲ, ಮತ್ತೆ 3 ಆದಾಗ ಒಂದ್ಸಲ, ಕೊನೆಗೊಂದ್ಸಲ ತಳ್ಳಿದ್ರೆ ಪ್ರತಿ ಸಲವೂ ಹಗುರ, ಜೊತೆಗೆ ಜನ ತುಳಿದು ಅಂಟಿ ಹೋಗೋ ಮುಂಚೆ ಕಾಂಕ್ರೀಟ್ ಕಾಣ್ಸುತ್ತೆ. ಒಮ್ಮೆ ತುಳಿದು ಗಟ್ಟಿಯಾದ ಸ್ನೋ ಐಸ್ ಆಗುತ್ತೆ, ಆಮೇಲೆ ಅರ್ಧ ಗಂಟೆ ಕೆಲಸ ಎರಡು ಗಂಟೆ. ಶವೆಲ್‌ಗೆ ಅಡುಗೆ ಎಣ್ಣೆ ಸ್ಪ್ರೇ ಹೊಡೆದ್ರೆ ಸ್ನೋ ಅಂಟಲ್ಲ, ಜಾರಿ ಬೀಳುತ್ತೆ. ತಳ್ಳೋಕಾಗೋ ಕಡೆ ತಳ್ಳಿ, ಎತ್ತೋ ಕಡೆ ಮಂಡಿ ಬಗ್ಗಿಸಿ ಎತ್ತಿ, ಸೊಂಟ ತಿರುಗಿಸಿ ಭುಜದ ಮೇಲಿಂದ ಎಸೀಬೇಡಿ.

ಎಲ್ಲಿ ಹಾಕೋದು? ನಿಮ್ಮ ಲಾನ್ ಮೇಲೆ. ರಸ್ತೆಗೆ ತಳ್ಳೋದು ಬಾಸ್ಟನ್, ನ್ಯೂಯಾರ್ಕ್, ಶಿಕಾಗೋ ಎಲ್ಲಾ ಕಡೆ ತಪ್ಪು. ಪಕ್ಕದ ಮನೆಯವ್ರ ಬದಿಗೂ ಹಾಕ್ಬೇಡಿ, ಸ್ನೋ ಜಗಳಗಳಲ್ಲಿ ಅರ್ಧ ಶುರುವಾಗೋದೇ ಅಲ್ಲಿ. ಫೈರ್ ಹೈಡ್ರಂಟ್ ಇದ್ರೆ ಸುತ್ತ 3 ಅಡಿ ಬಿಡಿಸಿ, ಮೋರಿಯ ಬಾಯಿನೂ ಬಿಡಿಸಿ, ಇಲ್ಲಾಂದ್ರೆ ಕರಗಿದ ನೀರು ಹೋಗೋಕೆ ದಾರಿ ಇಲ್ಲದೆ ನಿಮ್ಮ ರ‍್ಯಾಂಪ್ ಹತ್ರನೇ ಕೆರೆ ಆಗುತ್ತೆ, ರಾತ್ರಿ ಅದು ಗಾಜು. ಅಂಚೆಯವ್ರ ದಾರಿ ಬಿಡಿಸದಿದ್ರೆ ಅವ್ರು ಮೇಲ್ ಹಾಕದೆ ಹೋಗ್ಬಹುದು, ಅದು ಅವ್ರ ಹಕ್ಕು.

ಡ್ರೈವ್‌ವೇ ಬಾಯಲ್ಲಿ ಸಿಟಿ ಪ್ಲೋ ಬಂದು ಗೋಡೆ ಕಟ್ಟಿ ಹೋಗೋದು ಎಲ್ಲರ ಸಂಕಟ. ಒಂದು ಉಪಾಯ ಇದೆ: ರಸ್ತೆ ಕಡೆ ಮುಖ ಮಾಡಿ ನಿಂತ್ರೆ ನಿಮ್ಮ ಎಡಗಡೆಯಿಂದ ಪ್ಲೋ ಬರೋದು, ಹಾಗಾಗಿ ಡ್ರೈವ್‌ವೇ ಎಡಕ್ಕೆ ರಸ್ತೆ ಅಂಚಲ್ಲಿ ಒಂದು ಗೂಡಿನಷ್ಟು ಜಾಗ ಖಾಲಿ ಮಾಡಿಟ್ರೆ ಪ್ಲೋ ತಳ್ಕೊಂಡು ಬಂದ ಸ್ನೋ ಅಲ್ಲಿ ಬೀಳುತ್ತೆ, ನಿಮ್ಮ ಡ್ರೈವ್‌ವೇಗೆ ಕಮ್ಮಿ ಬರುತ್ತೆ. ಡ್ರೈವ್‌ವೇಯಿಂದ ತೆಗೆದಿದ್ದನ್ನ ಬಲಕ್ಕೆ ಹಾಕಿ.

ಆರೋಗ್ಯದ ವಿಷಯ, ತಮಾಷೆ ಅಲ್ಲ ಇದು. ಬೆಳಿಗ್ಗೆ ಚಳೀಲಿ ಒಮ್ಮೆಲೇ ಭಾರ ಎತ್ತಿದ್ರೆ ರಕ್ತನಾಳ ಕುಗ್ಗಿ ಬಿಪಿ ಏರುತ್ತೆ, ಶವೆಲ್ ಮಾಡುವಾಗ ಹಾರ್ಟ್ ಅಟ್ಯಾಕ್ ಆಗೋದು ಪ್ರತಿ ವರ್ಷ ನಡೆಯೋ ಮಾತು, ಅದರಲ್ಲೂ ನಮ್ಮ ದಕ್ಷಿಣ ಏಷ್ಯಾದವ್ರಿಗೆ ಹೃದಯದ ರಿಸ್ಕ್ ಮೊದಲೇ ಜಾಸ್ತಿ. ಊರಿಂದ ಬಂದ ಅಪ್ಪ, ಇಷ್ಟುದ್ದ ಜಾಗ ತಾನೇ ನಾನು ಮಾಡ್ತೀನಿ ಬಿಡು ಅಂತ ಸ್ವೆಟರ್ ಹಾಕ್ಕೊಂಡು ಹೊರಟ್ರೆ ಶವೆಲ್ ಕಿತ್ಕೊಳ್ಳಿ, ಬೇಜಾರಾದ್ರೂ ಪರ್ವಾಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಹಳೇ ಹೃದಯ ಕಾಯಿಲೆಗೆ ಏನು ಕವರ್ ಇದೆ ಅಂತ ಓದಿದವ್ರಿಗೆ ನಾನು ಯಾಕೆ ಹೇಳ್ತಿದೀನಿ ಅಂತ ಗೊತ್ತು. ಎದೆ ಬಿಗಿದ್ರೆ, ಕೈ ದವಡೆ ನೋವು ಬಂದ್ರೆ ಅಲ್ಲೇ ನಿಲ್ಲಿಸಿ 911.

ಇನ್ನೊಂದು, ಹೊಸ ಮನೆಗಳಲ್ಲಿ ಫರ್ನೇಸ್‌ನ (ಮನೆ ಬಿಸಿ ಮಾಡೋ ಮೆಷಿನ್) ಹೊಗೆ ಪೈಪ್ ಗೋಡೆಯ ಬದಿಯಿಂದ ಹೊರಗೆ ಬಂದಿರುತ್ತೆ, ನೆಲಕ್ಕೆ ಹತ್ತಿರ. ಅದು ಸ್ನೋದಲ್ಲಿ ಮುಚ್ಚಿಹೋದ್ರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಉಳಿಯುತ್ತೆ. ಸೈಡ್‌ವಾಕ್‌ಗಿಂತ ಮುಂಚೆ ಅದನ್ನ ಬಿಡಿಸಿ.

ಹೆಜ್ಜೆ 5: ಐಸ್ ಮತ್ತೆ ಉಪ್ಪು

ಉಪ್ಪು ಸ್ನೋ ಕರಗಿಸೋಕಲ್ಲ, ನೆಲಕ್ಕೂ ಐಸ್‌ಗೂ ಇರೋ ಹಿಡಿತ ಬಿಡಿಸೋಕೆ. ಆರು ಇಂಚು ಸ್ನೋ ಮೇಲೆ ಚೀಲ ಸುರಿಯೋದು ದುಡ್ಡು ದಂಡ. ಮೊದಲು ತೆಗೀರಿ, ಆಮೇಲೆ ತೆಳ್ಳಗೆ ಉದುರಿಸಿ, ಕಾಯಿರಿ, ಸಡಿಲ ಆದಾಗ ಸ್ಕ್ರೇಪರ್‌ನಿಂದ ಕೆರೀರಿ. ಅಂಗಡೀಲಿ ಸಿಗೋ ಸಾಮಾನ್ಯ ರಾಕ್ ಸಾಲ್ಟ್ ಅಂದ್ರೆ ಸೋಡಿಯಂ ಕ್ಲೋರೈಡ್, 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದ್ರೆ ಅದು ಕೈ ಎತ್ತಿಬಿಡುತ್ತೆ. ಶಿಕಾಗೋ, ಮಿನಿಯಾಪೊಲಿಸ್ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಬೆಲೆ ಜಾಸ್ತಿ ಆದ್ರೆ ಮೈನಸ್ 20 ಫ್ಯಾರನ್‌ಹೀಟ್ ಹತ್ತಿರದಲ್ಲೂ ಕೆಲಸ ಮಾಡುತ್ತೆ. ಅದಕ್ಕಿಂತ ಚಳಿ ಆದ್ರೆ ಅಥವಾ ಉಪ್ಪು ಮುಗಿದಿದ್ರೆ ಮರಳು ಹಾಕಿ, ಕರಗಿಸಲ್ಲ, ಕಾಲಿಗೆ ಹಿಡಿತ ಕೊಡುತ್ತೆ.

ಎಷ್ಟು ಹಾಕೋದು? ಒಂದು ಕಾಫಿ ಮಗ್ ತುಂಬ, 12 ಔನ್ಸ್, ಸೈಡ್‌ವಾಕ್‌ನ 10 ಚೌಕಗಳಿಗೆ ಸಾಕು. ಹೆಚ್ಚಿನವ್ರು ಇದರ ಹತ್ತು ಪಟ್ಟು ಸುರೀತಾರೆ ಅಂತ ನನ್ನ ಅನುಮಾನ, ನಡೆದ್ರೆ ಕರಕರ ಅಂತ ಸದ್ದು ಬರೋಷ್ಟು. ಅದೆಲ್ಲ ಕೊನೆಗೆ ಕೆರೆ, ನದಿಗೆ ಹೋಗುತ್ತೆ, ಮಿನಿಸೋಟಾದ ಪರಿಸರ ಇಲಾಖೆ ಹೇಳೋ ಪ್ರಕಾರ ಒಂದು ಟೀ ಸ್ಪೂನ್ ಉಪ್ಪು 5 ಗ್ಯಾಲನ್ ನೀರನ್ನ ಕೆಡಿಸೋಕೆ ಸಾಕು. ಹೊಸದಾಗಿ ಹಾಕಿಸಿದ ಕಾಂಕ್ರೀಟ್‌ಗೆ ಮೊದಲ ಚಳಿಗಾಲ ಉಪ್ಪು ತೋರಿಸ್ಲೇಬೇಡಿ, ಮೇಲ್ಪದರ ಸಿಪ್ಪೆ ಥರ ಏಳುತ್ತೆ. ಬಿಸಿನೀರು ಸುರಿಯೋ ಐಡಿಯಾ ಯಾರಾದ್ರೂ ಕೊಟ್ರೆ ಬೇಡ ಅನ್ನಿ, ಹತ್ತು ನಿಮಿಷಕ್ಕೆ ಇನ್ನೂ ನುಣುಪಾದ ಐಸ್ ರೆಡಿ.

ಅತಿ ಅಪಾಯದ ಐಸ್ ಬರೋದು ಸ್ನೋ ಬಿದ್ದ ದಿನ ಅಲ್ಲ. ಎರಡು ದಿನ ಆದ ಮೇಲೆ ಬಿಸಿಲು ಬಂದು ಲಾನ್ ಮೇಲಿನ ಗುಡ್ಡೆ ಕರಗಿ, ನೀರು ಸೈಡ್‌ವಾಕ್ ಮೇಲೆ ಹರಿದು, ಸಂಜೆ ಮತ್ತೆ ಹೆಪ್ಪುಗಟ್ಟಿ ಕಾಣದ ಹಾಗೆ ಕೂತಿರುತ್ತೆ. ಗುಡ್ಡೆನ ಇಳಿಜಾರಿನ ಕೆಳಬದಿಗೆ ಹಾಕಿದ್ರೆ ಈ ಸಮಸ್ಯೆ ಅರ್ಧ ಕಮ್ಮಿ. ಡೌನ್‌ಸ್ಪೌಟ್, ಬೇಸ್‌ಮೆಂಟ್ ನೀರು ಹೊರಹಾಕೋ ಸಂಪ್ ಪಂಪಿನ ಪೈಪ್ ಸೈಡ್‌ವಾಕ್ ಕಡೆ ಇದ್ರೆ ತಿರುಗಿಸಿ, ಕಾನೂನಿನ ದೃಷ್ಟಿಯಿಂದ ನಿಮ್ಮ ಮೇಲೆ ನೇರವಾಗಿ ಬರೋದು ಇಂಥ ಐಸೇ.

ಹೆಜ್ಜೆ 6: ಪಕ್ಕದ ಮನೆಯವ್ರು ತೆಗೀದಿದ್ರೆ

ಸೀದಾ 311ಗೆ, ಅಂದ್ರೆ ಸಿಟಿಯ ದೂರು ನಂಬರ್‌ಗೆ, ಕಂಪ್ಲೇಂಟ್ ಹಾಕೋದು ಸುಲಭ, ಶಿಕಾಗೋ, ಬಾಸ್ಟನ್, ನ್ಯೂಯಾರ್ಕ್ ಮೂರರಲ್ಲೂ ಆ್ಯಪ್ ಇದೆ. ಆದ್ರೆ ಮೊದಲು ಬಾಗಿಲು ತಟ್ಟಿ. ಒಳಗೆ ವಯಸ್ಸಾದವ್ರು ಇರ್ಬಹುದು, ಆಪರೇಷನ್ ಆಗಿರ್ಬಹುದು, ಹೋದ ವಾರ ಟೆಕ್ಸಾಸಿಂದ ಬಂದು ಶವೆಲ್ ಅನ್ನೋದೇ ನೋಡಿಲ್ದೇ ಇರ್ಬಹುದು. ವಯಸ್ಸಾದವ್ರಿಗೆ, ಅಂಗವಿಕಲರಿಗೆ ಶಿಕಾಗೋದಲ್ಲಿ ಸ್ನೋ ಕೋರ್ ಅಂತ ವಾಲಂಟಿಯರ್ ವ್ಯವಸ್ಥೆ ಇದೆ, 311ರಲ್ಲೇ ಕೇಳ್ಬಹುದು. ನಿಮ್ಮದು ಮಾಡ್ತಾ ಇನ್ನೂ ಹತ್ತು ಅಡಿ ಮುಂದೆ ತಳ್ಳಿದ್ರೆ ಐದು ನಿಮಿಷ ಜಾಸ್ತಿ, ಬ್ಲಾಕ್‌ನಲ್ಲಿ ಯಾರತ್ರಾದ್ರೂ ಸ್ನೋಬ್ಲೋವರ್ ಇದ್ರೆ ಪೆಟ್ರೋಲ್ ಖರ್ಚು ಹಂಚ್ಕೊಂಡು ಇಡೀ ಸಾಲು ಒಂದೇ ಸಲ ಮಾಡೋರೂ ಇದ್ದಾರೆ, ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ವ್ಯವಸ್ಥೆ ಇಲ್ಲ.

ಖಾಲಿ ಮನೆ, ಬ್ಯಾಂಕ್ ವಶದ ಮನೆ, ಪ್ರತಿ ಸಲ ಕೈ ಎತ್ತೋ ಅಂಗಡಿಯವ್ರು, ಇವ್ರ ಮೇಲೆ ಮಾತ್ರ ಸಂಕೋಚ ಇಲ್ಲದೆ 311 ಒತ್ತಿ. ಫೋಟೋ, ಅಡ್ರೆಸ್, ಸ್ನೋ ನಿಂತ ಟೈಮ್ ಹಾಕಿ.

ತಾವು ಸ್ನೋ ತೆಗೆದ ರಸ್ತೆಬದಿ ಪಾರ್ಕಿಂಗ್ ಜಾಗಕ್ಕೆ ಮುರಿದ ಕುರ್ಚಿ ಇಟ್ಟು ಕಾಯ್ದಿರಿಸೋದು ಶಿಕಾಗೋದಲ್ಲಿ ಡಿಬ್ಸ್ ಅಂತ ನಡೆಯುತ್ತೆ, ಕಾನೂನಿಗೆ ವಿರುದ್ಧ, ಆದ್ರೂ ನಡೆಯುತ್ತೆ. ಬೇರೆಯವ್ರ ಕುರ್ಚಿ ಸರಿಸಿ ಕಾರ್ ನಿಲ್ಲಿಸೋ ಧೈರ್ಯ ಮಾತ್ರ ಮಾಡ್ಬೇಡಿ.

ಹೆಜ್ಜೆ 7: ಡಿಸೆಂಬರ್‌ನಲ್ಲಿ ಊರಿಗೆ ಹೊರಟ್ರೆ

ನಮ್ಮವ್ರಿಗೆ ಫೈನ್ ಬೀಳೋದಕ್ಕೆ ಇದೇ ದೊಡ್ಡ ಕಾರಣ ಅನ್ಸುತ್ತೆ. ನೀವು ಮೈಸೂರಲ್ಲಿ ಮಸಾಲೆ ದೋಸೆ ತಿನ್ತಾ ಇರ್ತೀರಾ, ಇಲ್ಲಿ ಸ್ನೋ ಬಿದ್ದು ತುಳಿದು ಐಸ್ ಆಗಿ ನೋಟೀಸ್ ಬಾಗಿಲಿಗೆ ಅಂಟಿರುತ್ತೆ. ಊರಲ್ಲಿ ಇರ್ಲಿಲ್ಲ ಅನ್ನೋದು ಉತ್ತರ ಅಲ್ಲ. ಹೊರಡೋ ಮುಂಚೆ ಪಕ್ಕದ ಮನೆ ಹೈಸ್ಕೂಲ್ ಹುಡುಗನ್ನೋ ಕಾಂಟ್ರಾಕ್ಟರನ್ನೋ ಹಿಡೀರಿ. ಕಾಂಟ್ರಾಕ್ಟರ್ ಆದ್ರೆ ಬರಹದಲ್ಲಿ ಕೇಳಿ: ಎಷ್ಟು ಇಂಚು ಬಿದ್ರೆ ಬರ್ತಾರೆ (ಸಾಮಾನ್ಯವಾಗಿ 2 ಇಂಚು ಅಂತಾರೆ, ಆದ್ರೆ ಸಿಟಿ ರೂಲ್ ಒಂದು ಇಂಚಿಗೂ ಅನ್ವಯ ಆಗುತ್ತೆ), ಸೈಡ್‌ವಾಕ್ ಸೇರಿದ್ಯಾ ಅಥವಾ ಡ್ರೈವ್‌ವೇ ಮಾತ್ರನಾ, ಉಪ್ಪು ಸೇರಿದ್ಯಾ, ಎಷ್ಟು ಗಂಟೆ ಒಳಗೆ ಮುಗಿಸ್ತಾರೆ, ಇನ್ಶೂರೆನ್ಸ್ ಇದ್ಯಾ. ಮುಗಿದ ಮೇಲೆ ಒಂದು ಫೋಟೋ ಕಳಿಸೋಕೆ ಹೇಳಿ. ನಿಮ್ಮ ನಂಬರ್ ಒಬ್ಬ ನೇಬರ್ ಹತ್ರ ಇರ್ಲಿ.

ಹೆಜ್ಜೆ 8: ಯಾರಾದ್ರೂ ಬಿದ್ರೆ

ಮೊದಲು ಸಹಾಯ, ಬೇಕಾದ್ರೆ ಆಂಬ್ಯುಲೆನ್ಸ್. ಆಮೇಲೆ ಆ ಜಾಗದ ಫೋಟೋ, ಹೊತ್ತು, ಹವಾಮಾನ, ನೀವು ಕೊನೆಗೆ ಯಾವಾಗ ತೆಗೆದ್ರಿ, ಉಪ್ಪು ಯಾವಾಗ ಹಾಕಿದ್ರಿ, ಎಲ್ಲ ಬರೆದಿಡಿ, ಡೋರ್‌ಬೆಲ್ ಕ್ಯಾಮೆರಾ ವಿಡಿಯೋ ಡಿಲೀಟ್ ಆಗೋ ಮುಂಚೆ ಸೇವ್ ಮಾಡಿ. ಇನ್ಶೂರೆನ್ಸ್‌ನವ್ರಿಗೆ ಅವತ್ತೇ ತಿಳಿಸಿ, ದುಡ್ಡಿನ ಮಾತು ನೀವು ಆಡ್ಬೇಡಿ, ಅದು ಅವ್ರ ಕೆಲಸ.

ಬಿದ್ದವ್ರು ನೀವೇ ಆದ್ರೆ ಕ್ಯಾಲೆಂಡರ್ ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ ಸ್ನೋ, ಐಸ್ ಮೇಲೆ ಬಿದ್ದು ಗಾಯ ಆದ್ರೆ ಆಸ್ತಿಯವ್ರಿಗೆ 30 ದಿನದೊಳಗೆ ಬರಹದಲ್ಲಿ ನೋಟೀಸ್ ಕೊಡ್ಬೇಕು, ಕೆನಡಾದ ಒಂಟಾರಿಯೋದಲ್ಲಿ 2021ರ ಜನವರಿಯಿಂದ ಖಾಸಗಿ ಜಾಗಕ್ಕೆ 60 ದಿನ. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡೋಣ ಅಂತ ಕೂತ್ರೆ ಆ ಗಡುವು ದಾಟಿರುತ್ತೆ, ಹಾಗಾಗಿ ಕಾಲು ಕಟ್ಟಿಸ್ಕೊಂಡ ವಾರದಲ್ಲೇ ಒಬ್ಬ ಲಾಯರ್‌ಗೆ ಫೋನ್ ಮಾಡಿ, ಆ ದಿನ ಹಾಕಿದ್ದ ಶೂ ಬಿಸಾಡದೆ ಒಂದು ಕವರಲ್ಲಿ ಎತ್ತಿಡಿ, ಎಂಥ ಶೂ ಹಾಕಿದ್ರಿ ಅಂತ ಎದುರು ಪಾರ್ಟಿ ಕೇಳದೆ ಇರಲ್ಲ.